ಕ್ಷೌರದ ಕತ್ತಿಯ ಸಾಣೆಕಲ್ಲು: ಗುರುತು ಹಿಡಿದ ಕಥೆ

ಉಡುಪಿ ಸೀಮೆಯ ಯಾವುದಾದರೂ ಹಳೆಯ ಮನೆಗೆ ಹೋಗಿ ‘ಸಾಣೆಕಲ್ಲು ಇದೆಯೇ?’ ಎಂದು ಕೇಳಿ ನೋಡಿ. ಹೆಚ್ಚಿನವರು ದೇವರ ಕೋಣೆಯಿಂದ ಗಂಧ ತೇಯುವ ಕಲ್ಲನ್ನು ತಂದು ನಿಮ್ಮ ಮುಂದಿಡುತ್ತಾರೆ. ಅಕ್ಕಸಾಲಿಗರ ಮನೆಯಾದರೆ ಚಿನ್ನವನ್ನು ಉಜ್ಜಿ ನೋಡುವ ಕರಿಯ ಒರೆಗಲ್ಲು ಹೊರಬಂದೀತು. ಈ ಲೇಖನ ಮೂರನೆಯ ಬಗೆಯ ಕಲ್ಲನ್ನು ಕುರಿತದ್ದು. ಬ್ಲೇಡು ಬರುವ ಮೊದಲು, ಮಡಚುವ ಕ್ಷೌರದ ಕತ್ತಿಗೆ ಅಲಗು ಕೊಡುತ್ತಿದ್ದ ನುಣುಪಾದ ಪುಟ್ಟ ಕಲ್ಲು ಅದು. ಕತ್ತಿ ತುಕ್ಕು ಹಿಡಿದು ಗುಜರಿಗೆ ಹೋಗಿರುತ್ತದೆ, ಹಿಡಿದ ಕೈಯೂ ಇಲ್ಲವಾಗಿರುತ್ತದೆ. ಕಲ್ಲು ಮಾತ್ರ ಉಳಿದು ಅಟ್ಟದಲ್ಲೋ ಹಳೆ ಸಾಮಾನಿನ ಅಂಗಡಿಯಲ್ಲೋ ಹೆಸರಿಲ್ಲದೆ ಬಿದ್ದಿರುತ್ತದೆ. ಅದು ಯಾವ ಕಲ್ಲು? ಎಲ್ಲಿಂದ ಬಂತು? ಇದನ್ನು ಶಾಲೆಯ ಪ್ರಯೋಗಶಾಲೆಯಲ್ಲೇ ಒಂದು ಮಟ್ಟದವರೆಗೆ ಕಂಡುಹಿಡಿಯಬಹುದು. ಹೇಗೆ ಎಂಬುದರ ಹಿಂದೆ ಎರಡು ಸಾವಿರ ವರ್ಷಗಳ ಕಥೆ ಇದೆ.

ಮೊದಲು ಮೂರು ಕಲ್ಲುಗಳನ್ನು ಬೇರ್ಪಡಿಸಿಕೊಳ್ಳೋಣ. ಇದಕ್ಕೆ ಯಾವ ಉಪಕರಣವೂ ಬೇಡ, ಸವೆತವನ್ನು ನೋಡಿದರೆ ಸಾಕು. ಗಂಧದ ಕೊರಡನ್ನು ಸುತ್ತಿಸುತ್ತ ತೇಯುವುದರಿಂದ ಗಂಧದ ಸಾಣೆ ನಡುವೆ ತಟ್ಟೆಯಂತೆ ತಗ್ಗಾಗಿರುತ್ತದೆ. ಮೈ ಸ್ವಲ್ಪ ಒರಟು. ಒರೆಗಲ್ಲು ಸವೆಯುವುದೇ ಅಪರೂಪ. ಅದನ್ನು ಭೂತಗನ್ನಡಿಯಲ್ಲಿ ನೋಡಿ, ಹಳದಿ ಗೆರೆಗಳ ಗುರುತು ಸಿಕ್ಕೀತು. ಕ್ಷೌರದ ಸಾಣೆ ಸಾಮಾನ್ಯವಾಗಿ ಗೇಣುದ್ದದ ಒಳಗಿನದು, ಎರಡು ಮೂರು ಬೆರಳು ಅಗಲ. ಒಂದು ಮುಖ ಗಾಜಿನಂತೆ ನುಣುಪಾಗಿದ್ದರೆ ಇನ್ನೊಂದು ಮುಖದಲ್ಲಿ ಗರಗಸದ ಗೀರುಗಳು ಹಾಗೇ ಉಳಿದಿರಬಹುದು. ಸವೆತ ಇದ್ದರೆ ಉದ್ದಕ್ಕೆ, ಕತ್ತಿ ಓಡಾಡಿದ ಹಾದಿಯಲ್ಲಿ. ಮರದ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿದ್ದರಂತೂ ಅನುಮಾನವೇ ಬೇಡ.

ಇನ್ನು ಮುಖ್ಯ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಕಲ್ಲಿಗೆ ಬರವೇ? ಕಾಪುವಿನ ದೀಪಸ್ತಂಭ 1901ರಿಂದ ಸಮುದ್ರದಂಚಿನ ಬಂಡೆಯ ಮೇಲೆಯೇ ನಿಂತಿದೆ. ಕಾರ್ಕಳದಲ್ಲಿ 1432ರಲ್ಲಿ ಸ್ಥಾಪನೆಯಾದ 42 ಅಡಿಯ ಗೊಮ್ಮಟ ಒಂದೇ ಶಿಲೆಯದು. ಮನೆ ಕಟ್ಟಲು ಕಾಲಿಟ್ಟಲ್ಲೆಲ್ಲ ಮುರಕಲ್ಲು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬವಾಗಿ ನಿಂತ ಅಗ್ನಿಶಿಲೆ. ಹೀಗಿದ್ದೂ ಕ್ಷೌರದ ಕತ್ತಿಗೆ ಒಂದು ತುಂಡು ಕಲ್ಲು ಇಲ್ಲಿ ಸಿಗಲಿಲ್ಲವೇ?

ಸಿಗುವುದು ಕಷ್ಟ, ಕಾರಣ ಕಣಗಳ ಗಾತ್ರ. ಕಾಪು, ಕಾರ್ಕಳಗಳ ಗ್ರಾನೈಟ್ ಜಾತಿಯ ಬಂಡೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳುಗಳನ್ನು ಬರಿಗಣ್ಣಿನಿಂದಲೇ ಎಣಿಸಬಹುದು. ಒಂದೊಂದೂ ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡದು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ. ಚೆನ್ನಾಗಿ ಮಸೆದ ಕ್ಷೌರದ ಅಲಗಿನ ತುದಿ ಒಂದು ಮೈಕ್ರೊಮೀಟರಿಗಿಂತಲೂ ತೆಳು. ಇಂಥ ತುದಿಯನ್ನು ಮಿಲಿಮೀಟರ್ ಗಾತ್ರದ ಹರಳಿನ ಮೇಲೆ ಎಳೆದರೆ ಅದು ಹರಿತವಾಗುವ ಬದಲು ಗರಗಸದಂತೆ ಹಲ್ಲುಹಲ್ಲಾಗುತ್ತದೆ. ಮುರಕಲ್ಲಿನ ಕಥೆ ಇನ್ನೂ ಕೆಟ್ಟದು. 1800-01ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯಂತೆ ಕತ್ತರಿಸಬಹುದಾದ ಕಲ್ಲು ಎಂಬ ಅರ್ಥದಲ್ಲಿಯೇ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ತೂತು ತೂತಾದ ಅದರ ಮೈಯಲ್ಲಿ ಸಮತಟ್ಟು ಎಂಬುದೇ ಇಲ್ಲ. ಸೇಂಟ್ ಮೇರೀಸ್ ಶಿಲೆ ಬೇಗ ತಣಿದ ಲಾವಾದ್ದಾದ್ದರಿಂದ ಕಣ ಸಣ್ಣದು ನಿಜ. ಆದರೆ ಆ ನುಣುಪಿನ ನಡುವೆ ಅಲ್ಲಲ್ಲಿ ಫೆಲ್ಡ್‌ಸ್ಪಾರಿನ ದೊಡ್ಡ ಹರಳುಗಳು ಕೂತಿವೆ. ಅಲಗು ಮುರಿಯಲು ಅಂಥ ಒಂದೇ ಹರಳು ಸಾಕು. (ಪರೀಕ್ಷಿಸುವ ಉತ್ಸಾಹದಲ್ಲಿ ಅಲ್ಲಿಂದ ಚೂರು ಒಡೆದು ತರಬೇಡಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.)

ಇದ್ದ ಕಲ್ಲಿನಲ್ಲೇ ದಾರಿ ಹುಡುಕಿದವರೂ ಪಶ್ಚಿಮ ಕರಾವಳಿಯಲ್ಲಿದ್ದರು. ಕಳ್ಳು ಇಳಿಸುವವರ ಕತ್ತಿಗೆ ತುಂಬ ತೆಳುವಾದ ಅಲಗು ಬೇಕು. ಅವರು ಬೆಣಚುಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಮರದ ಹಲಗೆಯ ಮೇಲೆ ಉದುರಿಸಿ ಅದರ ಮೇಲೆ ಕತ್ತಿ ತೀಡುತ್ತಿದ್ದರು. ಕಣ ದೊಡ್ಡದಾದರೆ ಒಡೆದು ಸಣ್ಣದು ಮಾಡಿಕೊಳ್ಳುವ ಈ ಉಪಾಯ ಸೊಗಸಾದದ್ದೇ. ಮುಖದ ಮೇಲೆ ಆಡುವ ಕತ್ತಿಗೆ ಬೇಕಾದ ನಯ ಮಾತ್ರ ಇದಕ್ಕಿಂತ ಇನ್ನೂ ಮುಂದಿನದು. ಹಾಗಾಗಿ ಕಾಪುವಿನಲ್ಲೋ ಕಾರ್ಕಳದಲ್ಲೋ ನಿಮ್ಮ ಕೈಗೆ ನಿಜವಾಗಿ ನುಣುಪಾದ ಒಂದು ಸಾಣೆ ಸಿಕ್ಕರೆ ಅದು ಘಟ್ಟ ಇಳಿದೋ ಕಡಲು ದಾಟಿಯೋ ಬಂದದ್ದು ಎಂದೇ ಹೊರಡಬಹುದು. ಆ ಕಲ್ಲು ಒಂದು ವ್ಯಾಪಾರದ ದಾಖಲೆ. ಅದನ್ನು ಓದುವುದಷ್ಟೇ ಬಾಕಿ.

ಓದಲು ಹಿಂದಿನವರು ಯಾವ ಗುರುತನ್ನು ಹಿಡಿಯುತ್ತಿದ್ದರು? ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕುರಿತದ್ದು. ಶಸ್ತ್ರಗಳನ್ನು ಮಸೆಯಲು ಉದ್ದಿನ ಬಣ್ಣದ ನುಣುಪಾದ ಶಿಲೆ ಬೇಕೆಂದೂ, ಬಂದ ಅಲಗನ್ನು ಕಾಪಾಡಲು ಬೂರುಗದ ಮರದ ಹಲಗೆ ಬೇಕೆಂದೂ ಅಲ್ಲಿ ಹೇಳಿದೆ. ಅಲಗು ಎಷ್ಟು ತೆಳುವಿರಬೇಕು ಎಂಬುದಕ್ಕೂ ಅಳತೆ ಇದೆ: ಭೇದಿಸುವ ಶಸ್ತ್ರಕ್ಕೆ ಮಸೂರ ಬೇಳೆಯಷ್ಟು, ಕೆರೆಯುವುದಕ್ಕೆ ಅದರರ್ಧ, ಚುಚ್ಚುವುದಕ್ಕೆ ಕೂದಲಿನಷ್ಟು, ಕತ್ತರಿಸುವುದಕ್ಕೆ ಅರ್ಧ ಕೂದಲಿನಷ್ಟು. ರೋಮವನ್ನು ಕತ್ತರಿಸಬಲ್ಲದಾದರೆ ಶಸ್ತ್ರ ಹರಿತವಾಗಿದೆ ಎಂದು ತಿಳಿಯಬೇಕಂತೆ. ಮುಂಗೈಯ ಕೂದಲಿನ ಮೇಲೆ ಕತ್ತಿ ಆಡಿಸಿ ನೋಡುವ ಕ್ಷೌರಿಕರ ಪರೀಕ್ಷೆಯೂ ಇದೇ ಅಲ್ಲವೇ? ಕಲ್ಲಿನ ಬಳಿಕ ಮೆತ್ತನೆಯ ಹಲಗೆ ಎಂಬ ಕ್ರಮವೂ ಕ್ಷೌರದಂಗಡಿಯಲ್ಲಿ ಉಳಿದುಬಂತು. ಹಲಗೆಯ ಜಾಗಕ್ಕೆ ಚರ್ಮದ ಪಟ್ಟಿಯೋ ಅಂಗೈಯೋ ಬಂತು, ಅಷ್ಟೆ. ಅಂಗೈಗೆ ಕತ್ತಿ ತೀಡುತ್ತಿದ್ದುದನ್ನು ಕಂಡ ಹಿರಿಯರು ನಿಮ್ಮ ಊರಿನಲ್ಲಿಯೂ ಇರಬಹುದು, ಕೇಳಿ ನೋಡಿ.

ಸುಶ್ರುತ ಕೊಟ್ಟ ಗುರುತು ಬಣ್ಣ ಮತ್ತು ನುಣುಪು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ ಬೇರೆ ಎರಡು ಗುರುತು ಕೊಟ್ಟ: ಊರು ಮತ್ತು ದ್ರವ. ಆತನ ಪ್ರಕೃತಿ ಚರಿತ್ರೆಯ 36ನೆಯ ಸಂಪುಟದಲ್ಲಿ ಕ್ರೀಟ್, ನಾಕ್ಸೋಸ್ ಮೊದಲಾದ ಕಡೆಯ ಸಾಣೆಗಳ ಹೆಸರುಗಳಿವೆ. ಕೆಲವಕ್ಕೆ ಎಣ್ಣೆ ಬೇಕು, ಕೆಲವಕ್ಕೆ ನೀರು ಸಾಕು ಎನ್ನುತ್ತಾನೆ. ಸ್ಪೇನಿನ ಕಡೆಯ ಒಂದು ಕಲ್ಲಿಗೆ ಕ್ಷೌರದಂಗಡಿಗಳಲ್ಲಿ ಎಂಜಲನ್ನೇ ಬಳಸುತ್ತಾರೆ ಎಂದೂ ಬರೆದಿದ್ದಾನೆ. ಓದಿದರೆ ನಮಗೆ ಮೈ ಜುಮ್ಮೆನ್ನುತ್ತದೆ!

ಬಣ್ಣ, ಊರು, ದ್ರವ ಈ ಮೂರೂ ವ್ಯಾಪಾರಕ್ಕೆ ಸಾಕಾಗುತ್ತಿದ್ದವು. ಕಲ್ಲಿನ ಜೊತೆ ಅದನ್ನು ಬಲ್ಲ ಮನುಷ್ಯ ಇರುವವರೆಗೆ ತೊಂದರೆಯಿಲ್ಲ. ಮನುಷ್ಯ ಹೋದ ಮೇಲೆ ಬಣ್ಣ ನಂಬಿಕೆಗೆ ಅರ್ಹವಲ್ಲ. ಉದ್ದಿನ ಬಣ್ಣ ಸ್ಲೇಟಿಗೂ ಇದೆ, ಚರ್ಟ್ ಎಂಬ ಬೆಣಚಿನ ಶಿಲೆಗೂ ಇದೆ, ಕಾರ್ಖಾನೆಯಲ್ಲಿ ಮಾಡಿದ ಸಾಣೆಗೂ ಇದೆ. ಎಣ್ಣೆ, ಸಾಬೂನು, ಉಕ್ಕಿನ ಪುಡಿ ಮೆತ್ತಿ ದಶಕಗಳ ಕಾಲ ಕಪ್ಪಾದ ಹಳದಿ ಕಲ್ಲಿಗೂ ಇದೆ.

ಕಲ್ಲಿನ ಒಳಗಿರುವ ಕಣಗಳನ್ನೇ ಗುರುತಾಗಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನ. 1812ರಲ್ಲಿ ಫ್ರೆಡ್ರಿಕ್ ಮೋಸ್ ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಜೋಡಿಸಿದ. ಕಲ್ಲನ್ನು ಬೆಳಕು ತೂರುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಆ ಶತಮಾನದ ನಡುವೆ ಬಳಕೆಗೆ ಬಂತು. ಬೆಲ್ಜಿಯಮ್ಮಿನ ಆರ್ಡೆನ್ ಗುಡ್ಡಗಳಲ್ಲಿ ಕೋಟಿಕ್ಯೂಲ್ ಎಂಬ ಬೆಣ್ಣೆ ಬಣ್ಣದ ಕ್ಷೌರದ ಸಾಣೆ ಸಿಗುತ್ತಿತ್ತು. ಅದಕ್ಕೆ ಆ ಗುಣ ಎಲ್ಲಿಂದ ಬಂತು ಎಂಬುದನ್ನು 1870ರ ದಶಕದಲ್ಲಿ ಆಲ್ಫೋನ್ಸ್ ರೆನಾರ್ ಈ ವಿಧಾನದಿಂದ ಪರಿಶೀಲಿಸಿದ. ಅಭ್ರಕ ಮತ್ತು ಬೆಣಚಿನ ಮೆತ್ತೆಯಲ್ಲಿ ಲೆಕ್ಕವಿಲ್ಲದಷ್ಟು ಪುಟಾಣಿ ಗಾರ್ನೆಟ್ ಹರಳುಗಳು! ಅವು ಮ್ಯಾಂಗನೀಸ್ ಇರುವ ಸ್ಪೆಸಾರ್ಟೀನ್ ಜಾತಿಯವು, ಗಾತ್ರ ಕೆಲವೇ ಮೈಕ್ರೊಮೀಟರ್. ಗಾರ್ನೆಟ್ ಹರಳಿಗೆ ಚೂಪು ಮೂಲೆಗಳಿಲ್ಲ, ಬಹುಮುಖಗಳ ಗುಂಡುಗಿನ ಆಕಾರ. ಆದ್ದರಿಂದ ಅದು ಉಕ್ಕನ್ನು ಆಳವಾಗಿ ಗೀರದೆ ಮೇಲ್ಮೇಲೆ ಕೆರೆಯುತ್ತದೆ. ಹರಳಿನ ಗಾತ್ರಕ್ಕಿಂತ ಗೀರಿನ ಆಳ ಬಹಳ ಕಡಿಮೆ. ಕಲ್ಲಿನ ‘ಮೃದು ಸ್ವಭಾವ’ ಎಂದು ಕ್ಷೌರಿಕರು ಹೊಗಳುತ್ತಿದ್ದುದು ವಾಸ್ತವದಲ್ಲಿ ಸ್ಫಟಿಕದ ಜ್ಯಾಮಿತಿ.

ಹೆಸರಾದ ಉಳಿದ ಸಾಣೆಗಳ ಗುಟ್ಟು ಬೇರೆ ಬೇರೆ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ನೋವಾಕ್ಯುಲೈಟ್ ಬಹುತೇಕ ಶುದ್ಧ ಬೆಣಚು, ಕಣ ಕೆಲವೇ ಮೈಕ್ರೊಮೀಟರ್. ಲ್ಯಾಟಿನ್ನಿನಲ್ಲಿ ನೋವಾಕುಲ ಎಂದರೆ ಕ್ಷೌರದ ಕತ್ತಿ, ಹೆಸರಿನಲ್ಲೇ ಉಪಯೋಗ ಇದೆ. ಜರ್ಮನಿಯ ಥುರಿಂಗಿಯಾದ್ದು ಸ್ಲೇಟ್. ನಮ್ಮ ಮಕ್ಕಳು ಬಳಪದಿಂದ ಬರೆಯುತ್ತಿದ್ದ ಮಾರ್ಕಾಪುರದ ಸ್ಲೇಟಿನ ದೂರದ ನೆಂಟ, ಆದರೆ ಎಷ್ಟೋ ನಯ. ಜಪಾನಿನ ಕ್ಯೋಟೊ ಬಳಿಯ ಸಾಣೆ ಆಳಸಮುದ್ರದ ತಳದಲ್ಲಿ ಅತಿ ನಿಧಾನವಾಗಿ ಕೂತ ಕೆಸರು ಗಟ್ಟಿಯಾದದ್ದು. ನಮ್ಮ ಘಟ್ಟದ ಮೇಲಿನ ಧಾರವಾಡ ಶಿಲಾಸ್ತೋಮದಲ್ಲೂ ಸ್ಲೇಟಿನಂತಹ ಫಿಲೈಟ್ ಮತ್ತು ಚರ್ಟ್ ಇವೆ ಎಂಬುದನ್ನು ಮರೆಯಬೇಡಿ. ಕರಿಯ ಪದರುಗಲ್ಲೊಂದನ್ನು ಕಂಡೊಡನೆ ‘ಜರ್ಮನಿಯದು’ ಎಂದು ಬೆಲೆ ಏರಿಸುವವರ ಮಾತಿಗೆ ತಲೆಯಾಡಿಸಬೇಕಾಗಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಕಲ್ಲಿಗೆ ಬರೋಣ. ತೊಳೆಯುವ ಮೊದಲು ಸುತ್ತ ನೋಡಿ. ಅಂಚಿನಲ್ಲಿ ಕಾಗದದ ಚೀಟಿಯ ಚೂರು, ಅಂಟಿನ ಗುರುತು, ಅಚ್ಚೊತ್ತಿದ ಅಕ್ಷರ ಇದ್ದರೆ ಅದೇ ಅತ್ಯಂತ ಬಲವಾದ ಸಾಕ್ಷ್ಯ. ಅದರ ಫೋಟೊ ತೆಗೆದು, ನೀರು ತಾಗದಂತೆ ನೋಡಿಕೊಳ್ಳಿ. ಜೊತೆಯಲ್ಲಿ ಕತ್ತಿಯೂ ಸಿಕ್ಕಿದ್ದು ಅದರ ಬುಡದಲ್ಲಿ ಷೆಫೀಲ್ಡ್ ಅಥವಾ ಜೋಲಿಂಗೆನ್ ಎಂಬ ಅಚ್ಚಿದ್ದರೆ ಬರೆದುಕೊಳ್ಳಿ. ಕತ್ತಿ ಬಂದ ದಾರಿಯಲ್ಲೇ ಕಲ್ಲೂ ಬಂದಿರಬೇಕೆಂದೇನೂ ಇಲ್ಲ, ಆದರೂ ಸುಳಿವು ಸುಳಿವೇ. ಆಮೇಲೆ ಸಾಬೂನು ನೀರಿನಲ್ಲಿ ನೆನೆಸಿ ಮೃದುವಾದ ಬ್ರಶ್ಶಿನಿಂದ ಜಿಡ್ಡು ತೆಗೆಯಿರಿ. ಒಲೆಯ ಮೇಲೆ ಕುದಿಸಬೇಡಿ, ಪದರುಗಲ್ಲು ಬಿರಿಯುತ್ತದೆ.

ಮೊದಲ ಪರೀಕ್ಷೆ ಸಾಂದ್ರತೆ. ಆರ್ಕಿಮಿಡೀಸನ ತತ್ವವನ್ನು ತರಗತಿಯಲ್ಲಿ ಹೇಳುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಲ್ಲನ್ನು ದಾರದಲ್ಲಿ ಕಟ್ಟಿ ಗಾಳಿಯಲ್ಲಿ ತೂಗಿ, ಬಳಿಕ ಪೂರ್ತಿ ನೀರಿನಲ್ಲಿ ಮುಳುಗಿಸಿ ತೂಗಿ. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಬಂತು. ಗಟ್ಟಿ ನೋವಾಕ್ಯುಲೈಟ್ ಬೆಣಚಿನ ಸಾಂದ್ರತೆಯಾದ 2.65ರ ಹತ್ತಿರ ಬರುತ್ತದೆ. ಸಣ್ಣ ರಂಧ್ರಗಳಿರುವ ಮೆತ್ತನೆ ಜಾತಿ 2.2ರವರೆಗೂ ಇಳಿಯಬಹುದು. ಸ್ಲೇಟ್ 2.7, 2.8ರ ಆಸುಪಾಸು. ಕೋಟಿಕ್ಯೂಲ್ ಮಾತ್ರ 3ನ್ನು ದಾಟುತ್ತದೆ, ಅದಕ್ಕೆ ಗಾರ್ನೆಟ್ಟೇ ಕಾರಣ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬಹುದು. ಹಳದಿ ಕಲ್ಲೊಂದು ಗಾಳಿಯಲ್ಲಿ 310 ಗ್ರಾಂ, ನೀರಿನಲ್ಲಿ 210 ಗ್ರಾಂ ತೂಗಿತು ಎಂದಿಟ್ಟುಕೊಳ್ಳಿ. ಕಡಿಮೆಯಾದದ್ದು 100 ಗ್ರಾಂ, ಸಾಪೇಕ್ಷ ಸಾಂದ್ರತೆ 3.10. ಸ್ಪೆಸಾರ್ಟೀನಿನದು ಸುಮಾರು 4.15, ಅಭ್ರಕ-ಬೆಣಚಿನ ಮಿಶ್ರಣದ್ದು ಸುಮಾರು 2.75. ಇವೆರಡರ ವ್ಯತ್ಯಾಸ 1.40, ನಮ್ಮ ಕಲ್ಲು 2.75ಕ್ಕಿಂತ 0.35 ಹೆಚ್ಚು. 0.35ನ್ನು 1.40ರಿಂದ ಭಾಗಿಸಿದರೆ 0.25. ಅಂದರೆ ಗಾತ್ರದಲ್ಲಿ ಕಾಲು ಭಾಗ ಗಾರ್ನೆಟ್! ಕಲ್ಲನ್ನು ಒಡೆಯದೆ, ಸೂಕ್ಷ್ಮದರ್ಶಕ ಮುಟ್ಟದೆ ಒಳಗಿನ ಸುದ್ದಿ ತಿಳಿಯಿತು. ಒಂದು ಎಚ್ಚರಿಕೆ: ತೆಳುವಾದ ಹಳದಿ ಕಲ್ಲಿಗೆ ಬೆನ್ನಾಸರೆಯಾಗಿ ಸ್ಲೇಟನ್ನು ಅಂಟಿಸಿ ಮಾರುತ್ತಿದ್ದುದುಂಟು. ಆಗ ಎರಡರ ಸರಾಸರಿ ಸಿಕ್ಕಿ ಲೆಕ್ಕ ತಪ್ಪುತ್ತದೆ. ಅಂಟಿಸಿದ್ದಾದರೆ ಎರಡು ಬಣ್ಣಗಳ ನಡುವಿನ ಗೆರೆ ನೇರ. ಗಣಿಯಲ್ಲೇ ಕೂಡಿಕೊಂಡಿದ್ದರೆ ಗೆರೆ ಸ್ವಲ್ಪ ಡೊಂಕು, ಬಣ್ಣ ಒಂದರೊಳಗೊಂದು ಕರಗಿದಂತೆ. ರಂಧ್ರಗಳಿರುವ ಕಲ್ಲನ್ನು ತೂಗುವಾಗ ಮೇಲೇಳುವ ಗುಳ್ಳೆಗಳನ್ನೂ ಗಮನಿಸಿ.

ಎರಡನೆಯದು ಗೀರು. ಕೆಲಸದ ಮುಖವನ್ನು ಬಿಟ್ಟು ಬದಿಯಲ್ಲಿ ಉಕ್ಕಿನ ಸೂಜಿಯಿಂದ ಗೀರಿ. ಸ್ಲೇಟ್ ಆದರೆ ಸೂಜಿ ಕಲ್ಲನ್ನು ಕೊರೆದು ಬೂದು ಪುಡಿ ಏಳುತ್ತದೆ. ನೋವಾಕ್ಯುಲೈಟ್ ಅಥವಾ ಚರ್ಟ್ ಆದರೆ ಕಲ್ಲೇ ಸೂಜಿಯನ್ನು ತಿಂದು ಲೋಹದ ಹೊಳಪು ಗೆರೆ ಉಳಿಯುತ್ತದೆ, ಏಕೆಂದರೆ ಬೆಣಚಿನ ಗಡಸುತನ 7, ಸೂಜಿಯದು ಅದಕ್ಕಿಂತ ಕಡಿಮೆ. ಒಳ್ಳೆಯ ನೋವಾಕ್ಯುಲೈಟಿನ ತೆಳು ಅಂಚನ್ನು ಬಿಸಿಲಿಗೆ ಹಿಡಿದರೆ ಬೆಳಕು ತುಸು ಒಳಗಿಳಿದು ಅಂಚು ಮಿನುಗುತ್ತದೆ. ಸ್ಲೇಟ್ ಹಾಗೆ ಮಿನುಗದು.

ಮೂರನೆಯದು ಕೆಸರು. ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ ಅದೇ ಜಾತಿಯ ಚೂರಿನಿಂದಲೋ ನಯವಾದ ನೀರುಕಾಗದದಿಂದಲೋ ಉಜ್ಜಿ. ಗಂಧ ತೇದಂತೆ ಕೆಸರು ಬರುತ್ತದೆ. ಕೋಟಿಕ್ಯೂಲ್ ಹಾಲಿನಂಥ ಕೆಸರನ್ನು ಕೊಡುತ್ತದೆ. ಅದರ ಜೊತೆ ಗಣಿಯಲ್ಲಿ ಸಿಗುವ ನೀಲಿ ಕಲ್ಲಿನ ಕೆಸರಿಗೆ ಮಾತ್ರ ಕೆಂಪು-ನೇರಳೆಯ ಛಾಯೆ, ಅದರಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇದೆ. ಕಲ್ಲಿನ ಮೇಲ್ಮೈ ಬಣ್ಣಕ್ಕಿಂತ ಪುಡಿಯ ಬಣ್ಣ ಹೆಚ್ಚು ಪ್ರಾಮಾಣಿಕ ಎಂದು ಖನಿಜಶಾಸ್ತ್ರದ ಪಾಠದಲ್ಲಿ ನೀವು ಓದಿದ್ದೀರಿ. ಒಣಗಿದ ಕಲ್ಲನ್ನು ಮಾತ್ರ ಉಜ್ಜಬೇಡಿ. ಬೆಣಚಿನ ಸೂಕ್ಷ್ಮ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಗಣಿ ಕೆಲಸಗಾರರು ಅದಕ್ಕೆ ತೆತ್ತ ಬೆಲೆ ದೊಡ್ಡದು.

ಈ ಮೂರನ್ನೂ ಮಾಡಿದರೆ ಶಿಲೆಯ ಕುಲ ತಿಳಿಯುತ್ತದೆ. ಯಾವ ಗಣಿ ಎಂಬುದು ಚೀಟಿ ಇಲ್ಲದೆ ತಿಳಿಯುವುದಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಗಣಿಯ ಹೆಸರನ್ನೇ ಖಚಿತವಾಗಿ ಹೇಳಿದರೆ, ಅದನ್ನು ಹೇಗೆ ಕಂಡುಕೊಂಡಿರಿ ಎಂದು ವಿನಯದಿಂದಲೇ ಕೇಳಿ.

ಕಾರ್ಖಾನೆಯ ಸಾಣೆಯನ್ನು ಬೇರ್ಪಡಿಸುವುದು ಇನ್ನೂ ಉಳಿದಿದೆ, ಅದರ ಇತಿಹಾಸದಲ್ಲಿ ನಮ್ಮದೂ ಒಂದು ಪಾಲಿದೆ. ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದಂ ಎಂಬ ಮಾತುಗಳು ಯುರೋಪಿಗೆ ಹೋಗಿ ಕೊರಂಡಮ್ ಆದವು. ಮೋಸ್ ಪಟ್ಟಿಯಲ್ಲಿ 9ನೆಯ ಸ್ಥಾನ, ವಜ್ರದ ನಂತರದ್ದು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಕೊರಂಡಮ್ ಕಲ್ಲಿನ ಬಗ್ಗೆ ಲೇಖನವನ್ನೇ ಬರೆದ. ಕರ್ನಾಟಕದ ಹಳೆಯ ಮೈಸೂರು ಭಾಗದಲ್ಲಿ ಈ ಖನಿಜ ಸಿಗುತ್ತದೆ. ಅದರ ಪುಡಿಯನ್ನು ಕರಗಿದ ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುವುದು ನಮ್ಮ ದೇಶದ ಹಳೆಯ ಕಸುಬು. ಕಲ್ಲಿನಲ್ಲಿ ಸರಿಯಾದ ಕಣ ಸಿಗದಿದ್ದರೆ ಕಣವನ್ನು ಬೇರೆ, ಅಂಟನ್ನು ಬೇರೆ ತಂದು ಕೂಡಿಸುವ ಯೋಚನೆ ಅದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ವಿದ್ಯುತ್ ಕುಲುಮೆಯಲ್ಲಿ ಹೊಸದೊಂದು ಗಡಸು ವಸ್ತುವನ್ನು ಪಡೆದ. ಅದು ಇಂಗಾಲ ಮತ್ತು ಕೊರಂಡಮ್ಮಿನ ಸಂಯುಕ್ತ ಎಂದು ಭಾವಿಸಿ ಎರಡು ಹೆಸರನ್ನೂ ಸೇರಿಸಿ ಕಾರ್ಬೊರಂಡಮ್ ಎಂದು ಕರೆದ. ಅದು ನಿಜಕ್ಕೂ ಸಿಲಿಕಾನ್ ಕಾರ್ಬೈಡ್ ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೇ ಉಳಿದು, ನಮ್ಮ ಕುರುವಿಂದ ಅಮೆರಿಕದ ಕಾರ್ಖಾನೆಯ ಬೋರ್ಡಿನ ಮೇಲೆ ಅರ್ಧ ಪಾಲು ಪಡೆಯಿತು.

ಇಂಥ ಕೃತಕ ಸಾಣೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲೆಡೆ ಒಂದೇ ಸಮನಾದ ಕಣ, ನಡುವೆ ಸಣ್ಣ ಖಾಲಿ ಜಾಗಗಳು. ಪದರವಿಲ್ಲ, ಎಳೆಯಿಲ್ಲ, ಮಚ್ಚೆಯಿಲ್ಲ. ಹೆಚ್ಚಿನವು ನೀರಿನ ಹನಿಯನ್ನು ಬೇಗ ಹೀರುತ್ತವೆ. ಅಂಚುಗಳು ಅಚ್ಚಿನಲ್ಲಿ ಬಂದಂತೆ ಕರಾರುವಾಕ್ಕು. ಕೆಲವು ಹಳೆಯ ಕೃತಕ ಸಾಣೆಗಳು ಎಷ್ಟು ನಯವೆಂದರೆ ಕೈಗೆ ವ್ಯತ್ಯಾಸ ತಿಳಿಯದು. ಆಗ ಪದರದ ಗೆರೆ ಇಲ್ಲದಿರುವುದೇ ಮುಖ್ಯ ಸಾಕ್ಷಿ.

1904ರಲ್ಲಿ ಜಿಲೆಟ್ ತನ್ನ ಬಿಸಾಡುವ ಬ್ಲೇಡಿಗೆ ಪೇಟೆಂಟ್ ಪಡೆದ ಮೇಲೆ ಮನೆಗಳಲ್ಲಿ ಸಾಣೆಯ ಕೆಲಸ ಮೆಲ್ಲನೆ ಮುಗಿಯುತ್ತ ಬಂತು. ಕ್ಷೌರದಂಗಡಿಗಳಲ್ಲಿ ಅದು ಇನ್ನೂ ಬಹುಕಾಲ ಬಾಳಿತು. 1986ರಲ್ಲಿ ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲ ಬಾರಿಗೆ ಪತ್ತೆಯಾಯಿತು. ಆ ಬಳಿಕ ಹರಡಿದ ತಿಳಿವಳಿಕೆಯಿಂದ ಒಬ್ಬೊಬ್ಬರಿಗೂ ಹೊಸ ಬ್ಲೇಡು ಎಂಬ ರೂಢಿ ಬಲವಾಯಿತು. ಹಳೆಯ ಕತ್ತಿಯ ಆಕಾರದ ಹಿಡಿಗೆ ಅರ್ಧ ಬ್ಲೇಡು ಸಿಕ್ಕಿಸುವ ಸಾಧನ ಬಂತು. ಆರೋಗ್ಯದ ದೃಷ್ಟಿಯಿಂದ ಅದೇ ಸರಿ. ಕಲ್ಲುಗಳು ಮಾತ್ರ ಅಡುಗೆಮನೆಯ ಚೂರಿ ಮಸೆಯಲು, ಬಾಗಿಲಿಗೆ ಒತ್ತು ಕೊಡಲು ಹೋದವು. ಅವನ್ನು ಬಳಸಿದ ಹಿರಿಯ ಕ್ಷೌರಿಕರು ಈಗ ವಯೋವೃದ್ಧರು. ಕಲ್ಲನ್ನು ಎಲ್ಲಿ ಕೊಂಡದ್ದು, ಏನೆಂದು ಕರೆಯುತ್ತಿದ್ದರು, ನೀರು ಹಾಕುತ್ತಿದ್ದರೋ ಎಣ್ಣೆಯೋ ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಶಾಲೆಯ ವಿಜ್ಞಾನ ಸಂಘಗಳು ಒಂದು ರಜೆಯಲ್ಲಿ ಮಾಡಬಹುದು. ಕಲ್ಲಿನ ಉದ್ದ, ಅಗಲ, ಎರಡು ತೂಕ, ಗೀರಿನ ಮತ್ತು ಕೆಸರಿನ ಬಣ್ಣ, ಸಿಕ್ಕ ಊರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ. ಅಂಟಿಸುವುದಾದರೆ ಗರಗಸದ ಗೀರಿರುವ ಮುಖಕ್ಕೆ ಅಂಟಿಸಿ.